ಡೀಸೆಲ್ ಕೈಗೆ ಸಿಕ್ಕ ಸ್ಪಾರ್ಕ್ ಪ್ಲಗ್

"ಲಾರಿಗೆ ಸ್ಪಾರ್ಕ್ ಪ್ಲಗ್ ಎಲ್ಲಿಂದ ಬಂತು ಮಾವ?" ಎಂದು ಮೊನ್ನೆ ಫೋನಿನಲ್ಲಿ ನಕ್ಕೆಯಲ್ಲ, ಆ ನಗುವಿಗೆ ಕಾರಣವಿದೆ. ನಿಮ್ಮಪ್ಪ ಓಡಿಸಿದ್ದು ಡೀಸೆಲ್ ಲಾರಿ. ನೀನು ಕ್ಲೀನರ್ ಆಗಿ ಹತ್ತಿದ್ದೂ, ಲೈಸೆನ್ಸ್ ಬಂದಮೇಲೆ ಸ್ಟೀರಿಂಗ್ ಹಿಡಿದದ್ದೂ ಡೀಸೆಲ್ ಗಾಡಿಯದೇ. ಅಲ್ಲಿ ಪ್ಲಗ್ ಎಂದರೆ ಚಳಿಗಾಲದ ಬೆಳಿಗ್ಗೆ ಕೆಲಸಕ್ಕೆ ಬರುವ ಹೀಟರ್ ಪ್ಲಗ್. ಅದೂ ಎಲ್ಲ ಗಾಡಿಗೂ ಇರುವುದಿಲ್ಲ. ಈಗ ಸಾಲ ಮಾಡಿ ಸ್ವಂತಕ್ಕೊಂದು ಗೂಡ್ಸ್ ಗಾಡಿ ತಂದಿದ್ದೀಯ, ಸಂತೋಷ. ಆದರೆ ಅದು ಸಿಎನ್‌ಜಿ. ಹೊರಗಿನಿಂದ ನೋಡಿದರೆ ಅದೇ ಕ್ಯಾಬಿನ್, ಅದೇ ಬಾಡಿ, ಮುಂದೆ ಬರೆಸಿದ ಮನೆದೇವರ ಹೆಸರೂ ಅದೇ. ಸೀಟು ಎತ್ತಿದರೆ ಕೆಳಗೆ ಕೂತಿರುವ ಎಂಜಿನ್ ಮಾತ್ರ ಬೇರೆ ಜಾತಿಯದು. ನಿನ್ನ ಕೈ ಇನ್ನೂ ಡೀಸೆಲ್ ಕೈ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಗಾಳಿಯನ್ನು 16ರಿಂದ 20 ಪಟ್ಟು ಒತ್ತಿ ಹಿಡಿದರೆ ಆ ಒತ್ತಡಕ್ಕೇ ಗಾಳಿ ಕಾದು ಕೆಂಡವಾಗುತ್ತದೆ. ಅದರೊಳಕ್ಕೆ ನಾಜಲ್ ಡೀಸೆಲ್ ಚಿಮ್ಮಿಸಿದ ಕೂಡಲೇ ಅದು ತಾನಾಗಿ ಹತ್ತಿಕೊಳ್ಳುತ್ತದೆ. ಸಿಎನ್‌ಜಿ ಹಾಗಲ್ಲ. ಅದರಲ್ಲಿ ಬಹುಪಾಲು ಮೀಥೇನ್. ಮೀಥೇನ್ ತಾನಾಗಿ ಹತ್ತಿಕೊಳ್ಳಬೇಕಾದರೆ ಸುಮಾರು 540 ಡಿಗ್ರಿ ಸೆಲ್ಸಿಯಸ್ ಬೇಕು. ಗ್ಯಾಸ್ ಎಂಜಿನ್ನಿನಲ್ಲಿ ಡೀಸೆಲ್ಲಿನಷ್ಟು ಒತ್ತುವುದೂ ಇಲ್ಲ. ಹಾಗಾಗಿ ಪ್ರತಿ ಸಿಲಿಂಡರಿಗೂ ಒಂದು ಪ್ಲಗ್, ಪ್ರತಿ ಸಲ ಉರಿಯುವುದಕ್ಕೂ ಒಂದು ಕಿಡಿ. ಟಾಟಾ ಏಸ್ ಗೋಲ್ಡ್ ಸಿಎನ್‌ಜಿಗೆ ಎರಡು ಸಿಲಿಂಡರ್, ಎರಡು ಪ್ಲಗ್. ಮಾರುತಿ ಸೂಪರ್ ಕ್ಯಾರಿಗೆ ನಾಲ್ಕು. ದೊಡ್ಡ ಸಿಎನ್‌ಜಿ ಲಾರಿಗಳಲ್ಲಿ ಎಷ್ಟೋ ಎಂಜಿನ್‌ಗಳು ಮೂಲದಲ್ಲಿ ಡೀಸೆಲ್ಲಿನವೇ. ನಾಜಲ್ ಕೂರುತ್ತಿದ್ದ ಜಾಗದಲ್ಲಿ ಈಗ ಪ್ಲಗ್ ಕೂತಿದೆ, ಅಷ್ಟೆ.

ಇದೇನೋ ಹೊಸ ಕಾಲದ ಉಪದ್ವ್ಯಾಪ ಎಂದುಕೊಳ್ಳಬೇಡ. ಎಂಜಿನ್ನಿನೊಳಗೆ ವಿದ್ಯುತ್ ಕಿಡಿ ಮೊದಲು ಹಾರಿದ್ದೇ ಗ್ಯಾಸಿಗಾಗಿ. 1860ರಲ್ಲಿ ಪ್ಯಾರಿಸ್ಸಿನಲ್ಲಿ ಲೆನ್ವಾರ್ ಎಂಬಾತ ಮಾಡಿದ ಎಂಜಿನ್ ಓಡಿದ್ದು ಬೀದಿದೀಪಕ್ಕೆ ಉರಿಸುತ್ತಿದ್ದ ಕಲ್ಲಿದ್ದಲ ಗ್ಯಾಸಿನಲ್ಲಿ, ಕಿಡಿಯಿಂದ. 1902ರಲ್ಲಿ ಬಾಷ್ ಕಂಪನಿಯ ಹೊನೊಲ್ಡ್ ಎಂಬ ಎಂಜಿನಿಯರ್ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೋ ಜೊತೆಗೆ ಅದಕ್ಕೆ ಹೊಂದುವ ಪ್ಲಗ್ ತಂದ ಮೇಲೆ ಅದು ಊರೂರಿಗೂ ಬಂತು. ನಮ್ಮ ಕಡೆಗೆ ಬಂದದ್ದು ಮೈಕೋ ಹೆಸರಿನಲ್ಲಿ. 1951ರಲ್ಲಿ ಶುರುವಾದ ಆ ಬೆಂಗಳೂರಿನ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ನನ್ನ ವಯಸ್ಸಿನ ಮೆಕ್ಯಾನಿಕ್‌ಗಳು ಈಗಲೂ ಯಾವ ಕಂಪನಿಯ ಪ್ಲಗ್ಗಿಗಾದರೂ ಮೈಕೋ ಪ್ಲಗ್ ಎಂದೇ ಅನ್ನುತ್ತಾರೆ. ಬೆಂಗಳೂರಿಗೆ ಹೋದರೆ ಮೈಕೋ ಬಡಾವಣೆ ಎಲ್ಲಿ ಎಂದು ಕೇಳು, ಯಾರು ಬೇಕಾದರೂ ತೋರಿಸುತ್ತಾರೆ. ಇರಲಿ, ವಿಷಯಕ್ಕೆ ಬರೋಣ.

ಡೀಸೆಲ್ ಕೈ ಎಂದೆನಲ್ಲ, ಅದರ ಅರ್ಥ ಇಷ್ಟು. ಡೀಸೆಲ್ ಗಾಡಿ ಕೆಡುವ ಮೊದಲು ಊರಿಗೆಲ್ಲ ಹೇಳುತ್ತದೆ. ಕಪ್ಪು ಹೊಗೆ ಬಿಡುತ್ತದೆ, ಬಿಳಿ ಹೊಗೆ ಬಿಡುತ್ತದೆ, ನಾಜಲ್ ಕೆಟ್ಟರೆ ಟಕಟಕ ಎನ್ನುತ್ತದೆ. ಡ್ರೈವರ್ ಅದನ್ನು ಕೇಳಿಸಿಕೊಂಡು, ಲೋಡ್ ಇಳಿಸಿ, ಬಾಡಿಗೆ ಎಣಿಸಿಕೊಂಡು, ನಿಧಾನವಾಗಿ ಗ್ಯಾರೇಜಿಗೆ ಬರುತ್ತಾನೆ. ಗ್ಯಾಸ್ ಗಾಡಿ ಹೀಗೆ ಹೇಳುವುದಿಲ್ಲ. ಅದರಲ್ಲಿ ಹೊಗೆಯೇ ಇಲ್ಲ. ಪ್ಲಗ್ ಸವೆಯುವಾಗ ಸದ್ದಿಲ್ಲ. ಖಾಲಿ ಗಾಡಿಯಲ್ಲಿ ಏನೂ ಗೊತ್ತಾಗುವುದಿಲ್ಲ. ಫುಲ್ ಲೋಡ್ ಹಾಕಿಕೊಂಡು ಏರು ಹತ್ತುವಾಗ ಒಂದು ಸಣ್ಣ ಜರ್ಕ್, ಅಷ್ಟೆ. ಅದನ್ನೂ ನೀನು "ಗ್ಯಾಸ್ ಗಾಡಿ ಎಂದಮೇಲೆ ಪಿಕಪ್ ಕಮ್ಮಿಯೇ" ಎಂದು ತಳ್ಳಿಹಾಕುತ್ತೀಯ. ಪೆಟ್ರೋಲಿಗಿಂತ ಗ್ಯಾಸಿನಲ್ಲಿ ಶಕ್ತಿ ಸ್ವಲ್ಪ ಕಮ್ಮಿ ಎಂಬುದು ನಿಜ, ಎಂಜಿನ್ ಸಿಲಿಂಡರಿನೊಳಗೆ ಗ್ಯಾಸ್ ಗಾಳಿಯ ಜಾಗ ತಿನ್ನುತ್ತದೆ. ಆದರೆ ಆ ಕಮ್ಮಿ ಮೊದಲ ದಿನದಿಂದಲೂ ಒಂದೇ ಸಮ ಇರುತ್ತದೆ. ಜರ್ಕ್ ಹೊಡೆಯುವುದು ಬೇರೆ ಕಥೆ, ಅದು ಮಿಸ್ಸಿಂಗ್, ಕಿಡಿ ತಪ್ಪುವುದು.

ಒಳಗೆ ಏನಾಗುತ್ತದೆ ಎಂದು ಹೇಳುತ್ತೇನೆ ಕೇಳು. ಪ್ಲಗ್ಗಿನ ನಡುವಿನ ಕಡ್ಡಿಗೂ ಮೇಲಿಂದ ಬಗ್ಗಿದ ಕೊಕ್ಕೆಗೂ ನಡುವೆ ಒಂದು ಮಿಲಿಮೀಟರಿಗೂ ಕಮ್ಮಿ ಗ್ಯಾಪ್ ಇರುತ್ತದೆ. ಕಿಡಿ ಹಾರಬೇಕಾದದ್ದು ಅಲ್ಲಿ. ಎಂಜಿನ್ 3000 ಆರ್‌ಪಿಎಂನಲ್ಲಿ ತಿರುಗುತ್ತಿದ್ದರೆ ಪ್ರತಿ ಪ್ಲಗ್ಗಿನಲ್ಲೂ ಸೆಕೆಂಡಿಗೆ 25 ಕಿಡಿ, ಗಂಟೆಗೆ 90,000. ಒಂದೊಂದು ಕಿಡಿಯೂ ತುದಿಯಿಂದ ಕಣ್ಣಿಗೆ ಕಾಣದಷ್ಟು ಲೋಹ ಕಿತ್ತುಕೊಂಡು ಹೋಗುತ್ತದೆ. ಚೂಪಾಗಿದ್ದ ಅಂಚು ಮೊಂಡಾಗುತ್ತದೆ, ಗ್ಯಾಪ್ ಅಗಲವಾಗುತ್ತದೆ. ಕಾಲುವೆ ಅಗಲವಾದಷ್ಟೂ ಹಾರುವವನು ಹಿಂದೆ ಸರಿದು ಜೋರಾಗಿ ಓಡಿ ಬರಬೇಕಲ್ಲ, ಹಾಗೆ ಪ್ಲಗ್ಗಿಗೆ ವಿದ್ಯುತ್ ಕೊಡುವ ಕಾಯಿಲ್ ಹೆಚ್ಚು ಹೆಚ್ಚು ವೋಲ್ಟೇಜ್ ಕೊಡಬೇಕಾಗುತ್ತದೆ. ಗ್ಯಾಸಿನ ವಿಷಯದಲ್ಲಿ ಇದು ಇನ್ನೂ ಬಿಗಿ. ಪೆಟ್ರೋಲ್ ಮಿಶ್ರಣಕ್ಕಿಂತ ಗ್ಯಾಸ್ ಮಿಶ್ರಣಕ್ಕೆ ಕಿಡಿ ಹತ್ತಿಸಲು ಮೊದಲೇ ಹೆಚ್ಚು ವೋಲ್ಟೇಜ್ ಬೇಕು. ಹಾಗಾಗಿ ಪೆಟ್ರೋಲಿನಲ್ಲಿ ಇನ್ನೂ ಆರು ತಿಂಗಳು ತಳ್ಳಬಹುದಾದ ಪ್ಲಗ್ ಗ್ಯಾಸಿನಲ್ಲಿ ಇವತ್ತೇ ಮಿಸ್ ಹೊಡೆಯುತ್ತದೆ. ಸ್ವಿಚ್ ಇರುವ ಗಾಡಿಯಲ್ಲಿ ಪೆಟ್ರೋಲಿಗೆ ಹಾಕಿದರೆ ಜರ್ಕ್ ಇಲ್ಲ, ಗ್ಯಾಸಿಗೆ ಹಾಕಿದರೆ ಇದೆ ಎಂದಾದರೆ ಎಲ್ಲರೂ ಗ್ಯಾಸ್ ಕಿಟ್ಟಿನ ಮೇಲೆ ಬೀಳುತ್ತಾರೆ. ರೆಗ್ಯುಲೇಟರ್ ಬಿಚ್ಚು, ಫಿಲ್ಟರ್ ಬಿಚ್ಚು, ಟ್ಯೂನಿಂಗ್ ಮಾಡಿಸು. ಮೊದಲು ಪ್ಲಗ್ ಬಿಚ್ಚಿ ನೋಡಪ್ಪಾ. ಕಾಸೂ ಕಮ್ಮಿ, ಹೊತ್ತೂ ಕಮ್ಮಿ.

ಸುಮ್ಮನೆ ಬಿಟ್ಟರೆ? ಎರಡು ಕಡೆ ಏಟು. ಒಂದು, ಕಾಯಿಲ್. ಕಿಡಿ ಗ್ಯಾಪಿನಲ್ಲಿ ಹಾರಲಾರದೆ ಬೇರೆ ದಾರಿ ಹುಡುಕುತ್ತದೆ. ಪಿಂಗಾಣಿಯ ಹೊರಮೈ ಮೇಲೆ ಹರಿದು ಬಾಡಿಗೆ ಇಳಿಯುತ್ತದೆ, ರಬ್ಬರ್ ಬೂಟಿಗೆ ತೂತು ಕೊರೆಯುತ್ತದೆ, ಕೊನೆಗೆ ಕಾಯಿಲ್ಲನ್ನೇ ಸುಡುತ್ತದೆ. ಇನ್ನೊಂದು, ಸೈಲೆನ್ಸರ್ ಪೈಪಿನಲ್ಲಿ ಕೂತಿರುವ ಕ್ಯಾಟಲಿಟಿಕ್ ಕನ್ವರ್ಟರ್. ಸಿಲಿಂಡರಿನಲ್ಲಿ ಉರಿಯದ ಗ್ಯಾಸ್ ಅಲ್ಲಿಗೆ ಹೋಗಿ ಉರಿಯುತ್ತದೆ, ಒಳಗಿನ ಜೇನುಗೂಡು ಕಾದು ಕರಗಿ ಕಟ್ಟಿಕೊಳ್ಳುತ್ತದೆ. 2020ರ ಏಪ್ರಿಲ್ ಒಂದರಿಂದ ಬಂದ ಬಿಎಸ್‌-6 ಗಾಡಿಯಲ್ಲಿ ಅದರ ಬೆಲೆ ಕೇಳಿದರೆ ನಿನಗೆ ಒಂದು ತಿಂಗಳ ಕಂತು ನೆನಪಾಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಗುರುತಿನ ಹಳದಿ ದೀಪ ಸುಮ್ಮನೆ ಹತ್ತಿಕೊಂಡಿದ್ದರೆ ಗಾಡಿ ತೋರಿಸು. ಅದು ಮಿಣಮಿಣ ಎಂದು ಆರಿ ಹತ್ತುತ್ತಿದ್ದರೆ ಮಿಸ್ಸಿಂಗ್ ಜೋರಾಗಿದೆ ಎಂದರ್ಥ. ಆಕ್ಸಿಲರೇಟರ್ ಬಿಟ್ಟು ಪಕ್ಕಕ್ಕೆ ಹಾಕು. ಲೋಡಿನಲ್ಲಿರುವ ಟೊಮೆಟೊ ಕೊಳೆಯುತ್ತದೆ ಎಂದು ಓಡಿಸಬೇಡ.

ಹಾಗಾಗಿ ನಾನು ಹೇಳುವುದು ಒಂದೇ. ಗ್ಯಾಸ್ ಗಾಡಿಯ ಪ್ಲಗ್ ಕೆಟ್ಟಮೇಲೆ ಬದಲಿಸುವ ಸಾಮಾನಲ್ಲ. ಎಂಜಿನ್ ಆಯಿಲ್ ಹೇಗೋ ಹಾಗೆ ಕಿಲೋಮೀಟರ್ ನೋಡಿ ಬದಲಿಸಬೇಕು. ಎಷ್ಟು ಕಿಲೋಮೀಟರ್ ಎಂಬುದು ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿದೆ, ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇಟ್ಟಿದ್ದೀಯಲ್ಲ, ಅದರಲ್ಲಿ. ಪೆಟ್ರೋಲಿಗೂ ಸಿಎನ್‌ಜಿಗೂ ಬೇರೆ ಬೇರೆ ಸಾಲು ಇದ್ದರೆ ಸಿಎನ್‌ಜಿ ಸಾಲನ್ನೇ ಓದು. ದಿನವಿಡೀ ಓವರ್‌ಲೋಡ್, ಪೇಟೆಯ ಟ್ರಾಫಿಕ್ಕಿನಲ್ಲಿ ಗಂಟೆಗಟ್ಟಲೆ ಐಡ್ಲಿಂಗ್ ಎಂದಾದರೆ ಪುಸ್ತಕದ ಲೆಕ್ಕಕ್ಕಿಂತ ಸ್ವಲ್ಪ ಮುಂಚೆಯೇ ಬಿಚ್ಚಿ ನೋಡುವುದು ವಾಸಿ. ಮೀಟರ್ ತೋರಿಸುವ ಕಿಲೋಮೀಟರಿಗಿಂತ ಎಂಜಿನ್ ಓಡಿದ ಗಂಟೆ ದೊಡ್ಡದು, ಯಶವಂತಪುರದ ಮಾರ್ಕೆಟ್ಟಿನಲ್ಲಿ ಕಾದು ನಿಂತವರಿಗೆ ಅದು ಗೊತ್ತು.

ಇನ್ನು ಯಾವ ಪ್ಲಗ್ ಹಾಕಬೇಕು ಎಂಬುದು. ಅಂಗಡಿಯವನನ್ನು ಕೇಳಬೇಡ, ಪಕ್ಕದ ಗಾಡಿಯವನನ್ನೂ ಕೇಳಬೇಡ. ಪುಸ್ತಕದಲ್ಲಿ ಬರೆದ ನಂಬರ್ ಹೇಳಿ ತೆಗೆದುಕೊ. ಅದೇ ಎಂಜಿನ್ ಪೆಟ್ರೋಲ್ ಗಾಡಿಯಲ್ಲೂ ಬರುವುದರಿಂದ ಅಂಗಡಿಯವನು "ಎರಡೂ ಒಂದೇ ಅಣ್ಣ" ಎಂದು ಪೆಟ್ರೋಲಿನದನ್ನು ಕೊಡುವುದುಂಟು. ಥ್ರೆಡ್ ಒಂದೇ ಇರಬಹುದು, ಕೂರಲೂಬಹುದು. ಒಳಗಿನ ಲೆಕ್ಕ ಬೇರೆ ಇರುತ್ತದೆ.

ಆ ನಂಬರಿನಲ್ಲಿ ಏನೇನು ಅಡಗಿದೆ ಎಂದು ತಿಳಿದರೆ ಯಾರೂ ನಿನ್ನನ್ನು ಏಮಾರಿಸಲಾರರು. ಮೊದಲನೆಯದು ಥ್ರೆಡ್ಡಿನ ದಪ್ಪ: ಹಳೆಯ ಎಂಜಿನ್‌ಗಳಿಗೆ 14 ಮಿಲಿಮೀಟರ್, ಹೊಸವಕ್ಕೆ 12 ಅಥವಾ 10 ಕೂಡ. ಇದು ತಪ್ಪಿದರೆ ಕೂರುವುದೇ ಇಲ್ಲ, ಹಾಗಾಗಿ ಅಪಾಯವೂ ಇಲ್ಲ. ಎರಡನೆಯದು ಥ್ರೆಡ್ಡಿನ ಉದ್ದ, ರೀಚ್ ಎನ್ನುತ್ತಾರೆ. ಇದರಲ್ಲಿ ಅಪಾಯವಿದೆ. 19 ಮಿಲಿಮೀಟರ್ ಹಾಕಬೇಕಾದ ಕಡೆ ಉದ್ದದ್ದು ಹಾಕಿದರೆ ಪಿಸ್ಟನ್ ಬಂದು ಗುದ್ದುತ್ತದೆ. ಗಿಡ್ಡದ್ದು ಹಾಕಿದರೆ ಹೆಡ್ಡಿನ ಥ್ರೆಡ್ ಒಳಗಡೆ ಬರಿದಾಗಿ ನಿಂತು ಅಲ್ಲಿ ಕಿಟ್ಟ ಕೂರುತ್ತದೆ. ಮುಂದೆ ಸರಿಯಾದ ಪ್ಲಗ್ ತಂದರೂ ಒಳಗೆ ಇಳಿಯುವುದಿಲ್ಲ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ನಿಲ್ಲಿಸಿ ನೋಡಿದರೆ ಕಣ್ಣಿಗೇ ಗೊತ್ತಾಗುತ್ತದೆ, ಆದರೆ ಹಳೆಯದೇ ತಪ್ಪಾಗಿದ್ದರೆ? ಅದಕ್ಕೇ ಪುಸ್ತಕ.

ಮೂರನೆಯದು ಹೀಟ್ ರೇಂಜ್. ಇದನ್ನು ಹೆಚ್ಚಿನ ಮೆಕ್ಯಾನಿಕ್‌ಗಳೂ ತಪ್ಪು ತಿಳಿದಿದ್ದಾರೆ. ಬಿಸಿ ಪ್ಲಗ್ ಎಂದರೆ ಬಿಸಿಯಾದ ಕಿಡಿ ಕೊಡುತ್ತದೆ ಎಂದಲ್ಲ. ಪ್ಲಗ್ಗಿನ ತುದಿಯ ಶಾಖವನ್ನು ಹೆಡ್ಡಿಗೆ ಎಷ್ಟು ಬೇಗ ದಾಟಿಸುತ್ತದೆ ಎಂಬುದು ಅದರ ಲೆಕ್ಕ. ಬೇಗ ದಾಟಿಸಿದರೆ ತಣ್ಣನೆಯ ಪ್ಲಗ್, ನಿಧಾನಕ್ಕೆ ದಾಟಿಸಿದರೆ ಬಿಸಿ ಪ್ಲಗ್. ತುದಿ ಸುಮಾರು 450 ಡಿಗ್ರಿಗಿಂತ ಮೇಲಿದ್ದರೆ ಕೂತ ಮಸಿ ತಾನೇ ಸುಟ್ಟು ಹೋಗುತ್ತದೆ. 850 ಡಿಗ್ರಿ ದಾಟಿತೋ, ಕಿಡಿ ಬರುವ ಮೊದಲೇ ಆ ಕೆಂಪಗಾದ ತುದಿಯೇ ಮಿಶ್ರಣಕ್ಕೆ ಬೆಂಕಿ ಕೊಡುತ್ತದೆ, ಪಿಸ್ಟನ್ನಿನ ತಲೆ ತೂತು ಬೀಳುವುದು ಹಾಗೆ. ಈ ಎರಡರ ನಡುವೆ ಇರಿಸುವುದು ಹೀಟ್ ರೇಂಜಿನ ಕೆಲಸ. ಗ್ಯಾಸಿನಲ್ಲಿ ಮಸಿ ಕಟ್ಟುವ ಭಯ ಕಮ್ಮಿ, ಕಾಯುವ ಭಯ ಹೆಚ್ಚು. ಅದಕ್ಕೆ ಕಂಪನಿಯವರು ಕೆಲವು ಎಂಜಿನ್ನಿಗೆ ಒಂದು ಮೆಟ್ಟಿಲು ತಣ್ಣನೆಯದನ್ನು ಕೊಟ್ಟಿರುತ್ತಾರೆ. ಇಲ್ಲೊಂದು ಬಲೆ ಇದೆ, ಚೆನ್ನಾಗಿ ನೆನಪಿಡು. ಎನ್‌ಜಿಕೆ, ಡೆನ್ಸೊ ಪ್ಲಗ್ಗಿನಲ್ಲಿ ಅಂಕಿ ಹೆಚ್ಚಾದಷ್ಟೂ ತಣ್ಣಗೆ. ಬಾಷ್, ಚಾಂಪಿಯನ್‌ನಲ್ಲಿ ಅಂಕಿ ಹೆಚ್ಚಾದಷ್ಟೂ ಬಿಸಿ. ಒಂದು ಕಂಪನಿಯ 6 ಸಿಗಲಿಲ್ಲವೆಂದು ಇನ್ನೊಂದು ಕಂಪನಿಯ 6 ತಂದು ಹಾಕುವವರ ಗಾಡಿ ಏಕೆ ಹಾಳಾಗುತ್ತದೆ ಎಂದು ಈಗ ತಿಳಿಯಿತೇ? ಕಂಪನಿ ಬದಲಿಸುವುದಾದರೆ ಆ ಕಂಪನಿಯ ಪಟ್ಟಿಯಲ್ಲಿ ನಿನ್ನ ಗಾಡಿಯ ಹೆಸರು ಹುಡುಕಿ ತೆಗೆದುಕೊಳ್ಳಬೇಕು. ಅಂಕಿಗೆ ಅಂಕಿ ಜೋಡಿಸಬಾರದು.

ನಂಬರಿನಲ್ಲಿ 'ಆರ್' ಎಂಬ ಅಕ್ಷರ ಇದ್ದರೆ ಒಳಗೆ ರೆಸಿಸ್ಟರ್ ಇದೆ. ಅದು ಇಲ್ಲದ ಅಗ್ಗದ ಪ್ಲಗ್ ಹಾಕಿದರೆ ರೇಡಿಯೊದಲ್ಲಿ ಗೊರಗೊರ ಬರುವುದಿರಲಿ, ಎಂಜಿನ್ನಿನ ಕಂಪ್ಯೂಟರ್ ಇಸಿಎಂ, ಸೆನ್ಸರ್‌ಗಳಿಗೆ ತಲೆಕೆಡುತ್ತದೆ. ಆ ಅಕ್ಷರ ಬಿಡಬೇಡ.

ನಿಕಲ್ ಒಳ್ಳೆಯದೋ ಇರಿಡಿಯಂ ಒಳ್ಳೆಯದೋ ಎಂದು ಕೇಳಿದೆ. ನಿಕಲ್ 1455 ಡಿಗ್ರಿಗೆ ಕರಗುತ್ತದೆ, ಇರಿಡಿಯಂ 2446ಕ್ಕೆ. ಅಷ್ಟು ಗಟ್ಟಿಯಾದ್ದರಿಂದ ಅದರ ತುದಿಯನ್ನು ಸೂಜಿಯಂತೆ ಸಣ್ಣಗೆ, ಅರ್ಧ ಮಿಲಿಮೀಟರ್ ಆಸುಪಾಸಿನಲ್ಲಿ ಮಾಡಬಹುದು. ಸಣ್ಣ ತುದಿಗೆ ಕಮ್ಮಿ ವೋಲ್ಟೇಜ್ ಸಾಕು, ಸವೆತವೂ ನಿಧಾನ. ಗ್ಯಾಸಿಗೆ ಎರಡೂ ಗುಣ ಬೇಕಾದವೇ. ಕಂಪನಿಯೇ ಇರಿಡಿಯಂ ಹೇಳಿದ್ದರೆ ಕಂಜೂಸ್ ಮಾಡಿ ನಿಕಲ್ ಹಾಕಬೇಡ. ಕಂಪನಿ ನಿಕಲ್ ಹೇಳಿದ್ದು, ನಿನ್ನ ಎಂಜಿನ್ನಿನ ಹೆಸರಿಗೆ ಇರಿಡಿಯಂ ನಂಬರೂ ಪಟ್ಟಿಯಲ್ಲಿದ್ದರೆ, ಹಾಕಿಕೊಳ್ಳಬಹುದು. ದಿನಾ ಇನ್ನೂರು ಕಿಲೋಮೀಟರ್ ಓಡುವವನಿಗೆ ಹಾಕಿದ ಕಾಸು ವಾಪಸ್ ಬರುತ್ತದೆ. ಮನೆ ಸುತ್ತಮುತ್ತ ಗೊಬ್ಬರ, ಮೇವು ಹೊಡೆಯುವವನಿಗೆ ನಿಕಲ್ ಹಾಕಿ ಸಮಯಕ್ಕೆ ಬದಲಿಸುವುದೇ ಲೇಸು. "ಹಾಕಿ ಮರೆತುಬಿಡಿ ಅಣ್ಣ" ಎನ್ನುವ ಮಾತು ನಂಬಬೇಡ. ಪ್ಲಗ್ ಬಿಚ್ಚದೆ ವರ್ಷಗಟ್ಟಲೆ ಬಿಟ್ಟರೆ ಅಲ್ಯೂಮಿನಿಯಂ ಹೆಡ್ಡಿಗೆ ಅಂಟಿ ಕೂರುತ್ತದೆ.

ಖರೀದಿ ವಿಷಯ ಬೇಗ ಮುಗಿಸುತ್ತೇನೆ. ನಕಲಿ ಪ್ಲಗ್ ಬೇಕಾದಷ್ಟಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡರೂ ಊರಿನಲ್ಲೇ ಕೊಂಡರೂ ಬಿಲ್ ಕೊಡುವ ಅಂಗಡಿಯಲ್ಲಿ ಕೊಳ್ಳು. ಪಿಂಗಾಣಿ ಮೇಲಿನ ಅಕ್ಷರ ಉಗುರಿಗೆ ಅಳಿಸಬಾರದು, ಕೊಕ್ಕೆ ನಡುಕಡ್ಡಿಯ ನೆತ್ತಿಯ ಮೇಲೆ ನೇರ ನಿಂತಿರಬೇಕು, ವಾಷರ್ ತಲೆಕೆಳಗು ಮಾಡಿದರೆ ಉದುರಿ ಬೀಳಬಾರದು, ಥ್ರೆಡ್ ನುಣ್ಣಗಿರಬೇಕು. ಅರ್ಧ ಬೆಲೆಗೆ ಸಿಕ್ಕರೆ ಏಕೆ ಸಿಕ್ಕಿತು ಎಂದು ನೀನೇ ಯೋಚಿಸು.

ಬಿಚ್ಚುವ ಕೆಲಸಕ್ಕೆ ಬರೋಣ. ಇದನ್ನು ನೀನೇ ಮಾಡಬಹುದು, ಮಾಡಲೂಬೇಕು. ಆದರೆ ಅವಸರದಲ್ಲಿ ಬೇಡ, ಬಾಡಿಗೆ ಮುಗಿಸಿ ಬಂದ ಬಿಸಿಯಲ್ಲಂತೂ ಬೇಡವೇ ಬೇಡ. ಹೆಡ್ ಅಲ್ಯೂಮಿನಿಯಂ, ಪ್ಲಗ್ ಉಕ್ಕು. ಬಿಸಿ ಹೆಡ್ಡಿನಿಂದ ಪ್ಲಗ್ ಎಳೆದರೆ ಥ್ರೆಡ್ ಜೊತೆಗೇ ಕಿತ್ತು ಬರುತ್ತದೆ. ರಾತ್ರಿ ನಿಲ್ಲಿಸಿದ ಗಾಡಿಯನ್ನು ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲು ಬಿಚ್ಚು. ಬ್ಯಾಟರಿಯ ನೆಗೆಟಿವ್ ತೆಗೆದಿಡು. ಗ್ಯಾಸ್ ಸಿಲಿಂಡರಿನ ಬಳಿ ಇರುವ ವಾಲ್ವ್ ಬಂದ್ ಮಾಡು. ಗ್ಯಾಸಿಗೆ ಬೆರೆಸಿರುವ ಕೆಟ್ಟ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ ಪ್ಲಗ್ಗಿನ ಕೆಲಸ ಅಲ್ಲಿಗೇ ನಿಲ್ಲಿಸಿ ಮೊದಲು ಲೀಕ್ ನೋಡಿಸು. ಅಲ್ಲಿರುವುದು 200 ಬಾರ್ ಒತ್ತಡ, ಆಟವಲ್ಲ.

ಸೀಟಿನ ಕೆಳಗೇ ಎಂಜಿನ್ ಇರುವುದರಿಂದ ನಮ್ಮ ಕೆಂಧೂಳೆಲ್ಲ ಪ್ಲಗ್ಗಿನ ಬಾವಿಯಲ್ಲಿ ಕೂತಿರುತ್ತದೆ. ಪ್ಲಗ್ ತೆಗೆದ ಕೂಡಲೇ ಆ ಮಣ್ಣು ಸೀದಾ ಸಿಲಿಂಡರಿನೊಳಕ್ಕೆ ಬೀಳುತ್ತದೆ, ಬೋರಿಗೆ ಗೆರೆ ಹಾಕುತ್ತದೆ. ಹಾಗಾಗಿ ಕಾಯಿಲ್ ತೆಗೆದ ಮೇಲೆ, ಪ್ಲಗ್ ಸಡಿಲಿಸುವ ಮೊದಲು, ಗಾಳಿ ಹೊಡೆದು ಬಾವಿ ಶುದ್ಧ ಮಾಡಬೇಕು. ಕಂಪ್ರೆಸರ್ ಇಲ್ಲದಿದ್ದರೆ ಪಂಚರ್ ಅಂಗಡಿ ಮುಂದೆ ನಿಲ್ಲಿಸಿಕೊಂಡೇ ಕೆಲಸ ಮಾಡು, ಅವನೇನೂ ಬೇಡ ಎನ್ನುವುದಿಲ್ಲ. ಕಣ್ಣಿಗೆ ಕನ್ನಡಕ ಇರಲಿ. ಕಾಯಿಲ್ಲಿನ ಕನೆಕ್ಟರಿಗೆ ಒಂದು ಲಾಕ್ ಇರುತ್ತದೆ, ಅದನ್ನು ಒತ್ತಿ ತೆಗೆ, ವೈರ್ ಹಿಡಿದು ಎಳೆಯಬೇಡ. ಹಳೆಯ ಮಾದರಿಯ ಎಚ್‌ಟಿ ವೈರ್ ಇದ್ದರೆ ರಬ್ಬರ್ ಬೂಟು ಹಿಡಿದು ಸ್ವಲ್ಪ ತಿರುಗಿಸಿ ಎಳೆ. ಒಂದೊಂದೇ ಸಿಲಿಂಡರ್ ಮುಗಿಸು. ಎಲ್ಲ ಒಟ್ಟಿಗೆ ಕಿತ್ತರೆ ವೈರ್ ಅದಲುಬದಲಾಗುತ್ತದೆ. ಪ್ಲಗ್ ಪಾನಾವನ್ನು ನೇರ ಕೂರಿಸು. ಓರೆಯಾಗಿ ಎಳೆದರೆ ಪಿಂಗಾಣಿಗೆ ಕೂದಲಿನಷ್ಟು ಬಿರುಕು ಬೀಳುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಮಿಸ್ಸಿಂಗ್ ಮಾತ್ರ ಹೋಗುವುದಿಲ್ಲ.

ಬಿಚ್ಚಿದ ಪ್ಲಗ್ಗನ್ನು ಎಸೆಯುವ ಮೊದಲು ಒಂದು ಬಟ್ಟೆಯ ಮೇಲೆ ಸಿಲಿಂಡರಿನ ಸಾಲಿನಲ್ಲೇ ಜೋಡಿಸಿ ಬೆಳಕಿಗೆ ಹಿಡಿದು ನೋಡು. ಎಂಜಿನ್ನಿನ ಹೊಟ್ಟೆಯೊಳಗೆ ಇಣುಕಲು ಇಷ್ಟು ಅಗ್ಗದ ದಾರಿ ಇನ್ನೊಂದಿಲ್ಲ. ಪೆಟ್ರೋಲ್ ಎಂಜಿನ್ನಿನಲ್ಲಿ ಆರೋಗ್ಯದ ಬಣ್ಣ ತಿಳಿ ಕಂದು. ಗ್ಯಾಸಿನಲ್ಲಿ ಮಸಿ ಇಲ್ಲದ್ದರಿಂದ ತುದಿ ಬೂದುಬಿಳಿಯಾಗಿ, ತೊಳೆದಂತೆ ಇರುತ್ತದೆ. ಪೆಟ್ರೋಲ್ ಕಾಲದ ಮೆಕ್ಯಾನಿಕ್ ಇದನ್ನು ನೋಡಿ "ಲೀನ್ ಆಗಿದೆ, ಗ್ಯಾಸ್ ಜಾಸ್ತಿ ಮಾಡಬೇಕು" ಎಂದರೆ ಕೈ ಮುಗಿದು ಗಾಡಿ ತೆಗೆದುಕೊಂಡು ಬಾ. ಬಿಳಿ ಇರುವುದು ತಪ್ಪಲ್ಲ. ಬಿಳಿ ಪಿಂಗಾಣಿ ಮೇಲೆ ಬೊಬ್ಬೆಯೆದ್ದು ಸಣ್ಣ ಸಣ್ಣ ಚುಕ್ಕೆ ಕೂತಿದ್ದರೆ, ಕೊಕ್ಕೆಯ ತುದಿ ಕರಗಿದಂತಿದ್ದರೆ, ಆಗ ಅತಿ ಬಿಸಿ. ಒಣ ಕಪ್ಪು ಮಸಿ ಇದ್ದರೆ ಇಂಧನ ಹೆಚ್ಚಾಗಿ ಬರುತ್ತಿದೆ ಅಥವಾ ಏರ್ ಫಿಲ್ಟರ್ ಕಟ್ಟಿದೆ. ಒದ್ದೆ ಒದ್ದೆ, ಜಿಡ್ಡು ಜಿಡ್ಡು ಕಪ್ಪಿದ್ದರೆ ಆಯಿಲ್ ಮೇಲೆ ಬರುತ್ತಿದೆ: ರಿಂಗ್ ಅಥವಾ ವಾಲ್ವ್ ಸೀಲ್. ಅದಕ್ಕೆ ಹೊಸ ಪ್ಲಗ್ ಹಾಕಿದರೆ ಹದಿನೈದು ದಿನ ಸುಮ್ಮನಿರುತ್ತದೆ, ಆಮೇಲೆ ಅದೇ ರಾಗ. ಪಿಂಗಾಣಿಯ ಹೊರಗೆ, ಲೋಹಕ್ಕೆ ಸೇರುವ ಜಾಗದಲ್ಲಿ ಒಂದು ಕಂದು ಬಳೆ ಕಾಣುತ್ತದೆ. ಅದನ್ನು ತೋರಿಸಿ ಕಂಪ್ರೆಷನ್ ಲೀಕ್ ಎಂದು ಹೆದರಿಸುವವರಿದ್ದಾರೆ. ಅದು ಹೆಚ್ಚು ವೋಲ್ಟೇಜಿಗೆ ಧೂಳು, ಎಣ್ಣೆ ಅಂಟಿ ಆದ ಕಲೆ, ಅಷ್ಟೆ. ಆದರೆ ಪಿಂಗಾಣಿ ಉದ್ದಕ್ಕೆ ಪೆನ್ಸಿಲಿನಲ್ಲಿ ಎಳೆದಂತೆ ಕಪ್ಪು ಗೆರೆ ಇದ್ದರೆ ಕಿಡಿ ಹೊರಗಡೆಯೇ ಹರಿದಿದೆ. ಆಗ ಪ್ಲಗ್ ಜೊತೆಗೆ ಬೂಟನ್ನೂ ಬದಲಿಸಬೇಕು, ಇಲ್ಲದಿದ್ದರೆ ಹೊಸ ಪ್ಲಗ್ಗಿಗೂ ಅದೇ ಗೆರೆ ಬೀಳುತ್ತದೆ. ನಾಲ್ಕರಲ್ಲಿ ಮೂರು ಒಂದೇ ಬಣ್ಣವಿದ್ದು ಒಂದು ಮಾತ್ರ ಬೇರೆಯಿದ್ದರೆ, ಆ ಸಿಲಿಂಡರಿನಲ್ಲಿ ಏನೋ ಇದೆ ಎಂದು ಬರೆದಿಟ್ಟುಕೊ.

ಸ್ಯಾಂಡ್‌ಪೇಪರಿನಲ್ಲೋ ತಂತಿ ಬ್ರಷ್ಷಿನಲ್ಲೋ ಉಜ್ಜಿ, ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಹಳೆಯ ಅಭ್ಯಾಸ ಬಿಡು. ತಂತಿ ಬ್ರಷ್ಷಿನ ಲೋಹ ಪಿಂಗಾಣಿಗೆ ಅಂಟಿ ಅದೇ ಕಿಡಿಗೆ ಕಳ್ಳದಾರಿಯಾಗುತ್ತದೆ. ಕೈತಪ್ಪಿ ನೆಲಕ್ಕೆ ಬಿದ್ದ ಹೊಸ ಪ್ಲಗ್ಗನ್ನೂ ಹಾಕಬೇಡ, ಹೊಟ್ಟೆ ಉರಿದರೂ ಸರಿ.

ಗ್ಯಾಪ್ ನೋಡುವುದು ಫೀಲರ್ ಗೇಜಿನಲ್ಲಿ. ಪೆಟ್ರೋಲ್ ಪ್ಲಗ್ಗಿಗೆ 0.8ರಿಂದ 1.1 ಮಿಲಿಮೀಟರ್ ಸಾಮಾನ್ಯ. ಗ್ಯಾಸಿಗೆ ಅದಕ್ಕಿಂತ ಕಮ್ಮಿ ಹೇಳಿರುತ್ತಾರೆ, 0.6–0.8ರ ಸುತ್ತ, ಪುಸ್ತಕದ ಅಂಕಿಯೇ ಕಡೆ ಮಾತು. ಪೆಟ್ಟಿಗೆಯಿಂದ ಬಂದ ನಿಕಲ್ ಪ್ಲಗ್ಗಿನ ಗ್ಯಾಪ್ ದಾರಿಯಲ್ಲಿ ಏಟು ತಿಂದು ಬದಲಾಗಿರಬಹುದು, ನೋಡದೆ ಹಾಕಬೇಡ. ಸರಿಮಾಡುವಾಗ ಹೊರಗಿನ ಕೊಕ್ಕೆಯನ್ನು ಮಾತ್ರ ಬಗ್ಗಿಸಬೇಕು, ನಡುಕಡ್ಡಿಗೆ ಸ್ಕ್ರೂಡ್ರೈವರ್ ಆನಿಸಿ ಮೀಟಬಾರದು. ಇರಿಡಿಯಂ ಆದರೆ ಮುಟ್ಟಲೇಬೇಡ. ಆ ಸೂಜಿತುದಿ ಮುರಿಯಲು ಉಗುರಿನ ಬಲ ಸಾಕು.

ಈಗ ಹಾಕುವುದು. ಎಲ್ಲ ಕೆಡುವುದು ಇಲ್ಲೇ. ಪ್ಲಗ್ಗನ್ನು ಪಾನಾದಿಂದ ಶುರುಮಾಡಬೇಡ, ಬೆರಳಿನಿಂದ ಶುರುಮಾಡು. ಬಾವಿ ಆಳವಾಗಿ ಬೆರಳು ಹೋಗದಿದ್ದರೆ ಹಳೆಯ ಪೆಟ್ರೋಲ್ ಪೈಪಿನ ಒಂದು ಗೇಣು ತುಂಡು ತೆಗೆದುಕೊಂಡು ಪ್ಲಗ್ಗಿನ ಮೇಲ್ತುದಿಗೆ ಸಿಕ್ಕಿಸಿ ಒಳಗೆ ಇಳಿಸು. ಮೊದಲು ಎಡಕ್ಕೆ, ಅಂದರೆ ಬಿಚ್ಚುವ ಕಡೆಗೆ, ನಿಧಾನವಾಗಿ ತಿರುಗಿಸು. ಒಂದು ಕಡೆ 'ಟಿಕ್' ಎಂದು ಒಂದು ಚೂರು ಕೆಳಗಿಳಿದ ಹಾಗೆ ಬೆರಳಿಗೆ ಗೊತ್ತಾಗುತ್ತದೆ. ಥ್ರೆಡ್ಡಿಗೆ ಥ್ರೆಡ್ ಸಿಕ್ಕಿದ್ದು ಅಲ್ಲಿ. ಅಲ್ಲಿಂದ ಬಲಕ್ಕೆ ತಿರುಗಿಸು. ನುಣ್ಣಗೆ ಸುತ್ತು ಸುತ್ತು ಇಳಿಯಬೇಕು. ಓರೆ ಕೂತಿದ್ದರೆ ರಬ್ಬರ್ ಪೈಪ್ ಜಾರುತ್ತದೆ, ಹೆಡ್ ಉಳಿಯುತ್ತದೆ; ಅದೇ ಪಾನಾದಲ್ಲಿ ಆಗಿದ್ದರೆ ಅದು ತನ್ನ ದಾರಿ ತಾನೇ ಕೊರೆದುಕೊಂಡು ಹೋಗುತ್ತಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುವುದು ಹೆಡ್ಡಿನ ಥ್ರೆಡ್ಡಿಗೂ ಸಲ್ಲುತ್ತದೆ. ಹೆಲಿಕಾಯಿಲ್ ಹಾಕಿ ರಿಪೇರಿ ಮಾಡುತ್ತಾರೆ ನಿಜ, ಆದರೆ ಹೆಡ್ ಇಳಿಸಿ ಏರಿಸುವ ಖರ್ಚು, ನಿಂತ ದಿನಗಳ ಬಾಡಿಗೆ ಲೆಕ್ಕಹಾಕು.

ವಾಷರ್ ತಾಗುವವರೆಗೂ ಕೈಯಲ್ಲೇ. ಆಮೇಲೆ ಟಾರ್ಕ್ ರೆಂಚ್. ಅಲ್ಯೂಮಿನಿಯಂ ಹೆಡ್ಡಿನಲ್ಲಿ 14 ಮಿಲಿಮೀಟರ್ ಪ್ಲಗ್ಗಿಗೆ ಸುಮಾರು 25–30 ನ್ಯೂಟನ್ ಮೀಟರ್, 12ರದ್ದಕ್ಕೆ 15–20, 10ರದ್ದಕ್ಕೆ 10–12. ಟಾರ್ಕ್ ರೆಂಚ್ ಇಲ್ಲವೆಂದರೆ ವಾಷರ್ ಇರುವ ಹೊಸ ಪ್ಲಗ್ಗಿಗೆ ವಾಷರ್ ತಾಗಿದ ಮೇಲೆ ಅರ್ಧ ಸುತ್ತು, ಹೆಚ್ಚೆಂದರೆ ಮುಕ್ಕಾಲಿಗೂ ಕಮ್ಮಿ. ವಾಷರ್ ನುಗ್ಗಾಗುವುದು ಕೈಗೆ ತಿಳಿಯುತ್ತದೆ. ಡಬ್ಬಿಯ ಮೇಲೆ ಚಿತ್ರವೂ ಇರುತ್ತದೆ, ನೋಡು. ವಾಷರ್ ಇಲ್ಲದೆ ಕೋನ್ ಆಕಾರದಲ್ಲಿ ಕೂರುವ ಪ್ಲಗ್ಗಿಗೆ ಬರೀ ಹದಿನಾರನೇ ಒಂದು ಸುತ್ತು ಸಾಕು. ಲಾರಿ ವೀಲ್ ನಟ್ಟಿಗೆ ಹಾಕುವ ಬಲ ಇಲ್ಲಿ ಬೇಡ. ಹಾಗೆಂದು ಸಡಿಲ ಬಿಟ್ಟರೆ ಶಾಖ ಹೆಡ್ಡಿಗೆ ದಾಟದೆ ಪ್ಲಗ್ ಸುಟ್ಟುಹೋಗುತ್ತದೆ. ಥ್ರೆಡ್ಡಿಗೆ ಗ್ರೀಸ್ ಹಚ್ಚಬೇಕೇ ಎಂದರೆ, ಈಗಿನ ಪ್ಲಗ್ಗುಗಳಿಗೆ ಲೇಪನ ಬಂದೇ ಇರುತ್ತದೆ, ಬೇಡ. ಗ್ರೀಸ್ ಹಚ್ಚಿದರೆ ಅದೇ ಟಾರ್ಕಿಗೆ ಹೆಚ್ಚು ಬಿಗಿಯಾಗಿ ಥ್ರೆಡ್ ಎಳೆಯುತ್ತದೆ.

ಕಾಯಿಲ್ ಕೂರಿಸಿ, ಕನೆಕ್ಟರ್ 'ಟಕ್' ಎಂದಿದ್ದು ಕೇಳಿಸಿಕೊಂಡು, ಬ್ಯಾಟರಿ ಹಾಕಿ, ಗ್ಯಾಸ್ ವಾಲ್ವ್ ತೆಗೆದು ಸ್ಟಾರ್ಟ್ ಮಾಡು. ಐಡ್ಲಿಂಗ್ ಒಂದೇ ಸಮ ಇದ್ದರೆ ಅರ್ಧ ಪರೀಕ್ಷೆ ಮುಗಿಯಿತು. ಇನ್ನರ್ಧ ಲೋಡ್ ಹಾಕಿಕೊಂಡು, ಮೇಲಿನ ಗೇರಿನಲ್ಲಿ, ಫ್ಲೈಓವರ್ ಏರುವಾಗ. ಅಲ್ಲಿಯೂ ಜರ್ಕ್ ಇಲ್ಲದಿದ್ದರೆ ಸರಿ. ಇದ್ದರೆ, ಓಡುತ್ತಿರುವ ಎಂಜಿನ್ನಿನಲ್ಲಿ ಒಂದೊಂದೇ ಕಾಯಿಲ್ ಕಿತ್ತು ನೋಡುವ ಆಟ ಆಡಬೇಡ, ಕೈಗೂ ಏಟು, ಇಸಿಎಂಗೂ ಏಟು. ಸ್ಕ್ಯಾನರ್ ಹಾಕಿಸು. ಪಿ0301 ಎಂದರೆ ಒಂದನೇ ಸಿಲಿಂಡರ್, ಪಿ0302 ಎಂದರೆ ಎರಡನೆಯದು, ಪಿ0300 ಎಂದರೆ ಒಂದೇ ಕಡೆ ಅಲ್ಲ. ಸಿಲಿಂಡರಿಗೊಂದು ಕಾಯಿಲ್ ಇರುವ ಗಾಡಿಯಲ್ಲಿ ಎಂಜಿನ್ ಆಫ್ ಮಾಡಿ ಒಂದರ ಕಾಯಿಲ್ಲನ್ನು ಎರಡಕ್ಕೆ, ಎರಡರದ್ದನ್ನು ಒಂದಕ್ಕೆ ಹಾಕಿ ಮತ್ತೆ ಓಡಿಸು. ಕೋಡ್ ಕಾಯಿಲ್ಲಿನ ಹಿಂದೆ ಹೋದರೆ ತಪ್ಪು ಕಾಯಿಲ್ಲಿನದು, ಅಲ್ಲೇ ಉಳಿದರೆ ಕಾಯಿಲ್ ಬಿಟ್ಟು ಬೇರೆ ಕಡೆ ಹುಡುಕಬೇಕು.

ಪ್ಲಗ್ ಬದಲಿಸಿದ ದಿನ, ಕಿಲೋಮೀಟರ್, ನಂಬರ್, ಮೂರನ್ನೂ ಡೋರಿನ ಒಳಗಡೆ ಮಾರ್ಕರ್ ಪೆನ್ನಿನಲ್ಲಿ ಬರೆ. ನೀನು ಗಾಡಿ ಕೊಟ್ಟು ಮದುವೆಗೆ ಹೋದಾಗ ಓಡಿಸುವ ಡ್ರೈವರಿಗೂ ಕಾಣಲಿ.

ನಿನ್ನ ಗಾಡಿ ಎಷ್ಟು ಓಡಿದೆ ಎಂದು ಫೋನಿನಲ್ಲಿ ಹೇಳಲಿಲ್ಲ. ಶನಿವಾರ ರಾತ್ರಿ ತಂದು ಗ್ಯಾರೇಜಿನ ಮುಂದೆ ನಿಲ್ಲಿಸು, ಕೀ ನಿಮ್ಮತ್ತೆ ಕೈಗೆ ಕೊಡು. ಭಾನುವಾರ ತಿಂಡಿಗೆ ಮೊದಲೇ ಬಿಚ್ಚೋಣ. ಪುಸ್ತಕ ಮರೆಯದೆ ತಾ. ಪ್ಲಗ್ ಮಾತ್ರ ಈಗಲೇ ಕೊಂಡು ತರಬೇಡ, ಮೊದಲು ಹಳೆಯದು ಏನು ಹೇಳುತ್ತದೋ ನೋಡೋಣ.